ಅಪ್ಪನ ಹೆಗಲ ಮೇಲಿನ ಕೈ

ನಮ್ಮ ಮನೆಯ ಹಾಲಿನಲ್ಲಿರುವ ಅಪ್ಪನ ಫೋಟೋದಲ್ಲಿ ಒಂದು ಕೈ ಹೆಚ್ಚಿಗೆ ಇದೆ. ಅಪ್ಪನ ಎರಡು ಕೈಗಳು ಎಲ್ಲಿರಬೇಕೋ ಅಲ್ಲೇ, ತೊಡೆಯ ಮೇಲಿವೆ. ಮೂರನೆಯದು ಚೌಕಟ್ಟಿನ ಬಲ ಅಂಚಿನಿಂದ ಒಳಗೆ ಬಂದು ಅವರ ಹೆಗಲ ಮೇಲೆ ಕೂತಿದೆ. ಆ ಕೈಗೆ ಐದು ಬೆರಳುಗಳಿವೆ, ಬಿಳಿ ಜುಬ್ಬದ ತುದಿಯಿದೆ, ಯಜಮಾನ ಮಾತ್ರ ಇಲ್ಲ. ಹಾರ ಬದಲಿಸುವಾಗಲೆಲ್ಲ ಹೂವಿನ ಕೊನೆಯ ಎಸಳುಗಳು ಆ ಬೆರಳುಗಳ ಮೇಲೆ ಬೀಳುತ್ತವೆ. ಅಪ್ಪನೋ, ಕಣ್ಣು ಪೂರ್ತಿ ಮುಚ್ಚಿಹೋಗುವಷ್ಟು ನಗುತ್ತಿದ್ದಾರೆ. ಹಾರ ಹಾಕಿದ ಫೋಟೋಗಳಲ್ಲಿ ಜನ ಅಷ್ಟೊಂದು ನಗುವುದಿಲ್ಲ.

ಹೊಸದಾಗಿ ಮನೆಗೆ ಬಂದವರು ಕಾಫಿ ಕುಡಿಯುತ್ತ ಫೋಟೋ ನೋಡುತ್ತಾರೆ, ಲೋಟ ನೋಡುತ್ತಾರೆ, ಮತ್ತೆ ಫೋಟೋ ನೋಡುತ್ತಾರೆ. ಕೊನೆಗೆ ತಡೆಯಲಾರದೆ, "ಅದು ಯಾರ ಕೈ?" ಎನ್ನುತ್ತಾರೆ. "ಅದಾ? ಅದು ಹೆಣದ ಕೈ" ಎಂದು ಹೇಳಿ ಅವರಿಗೆ ಕಾಫಿ ನೆತ್ತಿಗೇರಿಸುವ ಕೆಟ್ಟ ಚಾಳಿ ನನಗಿದೆ. ನೀವು ಈಗ ಕಾಫಿ ಕುಡಿಯುತ್ತಿಲ್ಲ ಎಂದುಕೊಂಡು ನಿಧಾನವಾಗಿ ಹೇಳುತ್ತೇನೆ.

ತೊಂಬತ್ತರ ದಶಕದ ಮಾತು. ಕೇಬಲ್ ವೈರು ನಮ್ಮ ಜಯನಗರದ ಮರದಿಂದ ಮರಕ್ಕೆ ಹಾರಿ ಮನೆಮನೆಗೆ ಇಳಿಯುತ್ತಿದ್ದ ಕಾಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಚಾಪೆಯ ಮೇಲೆ ಅಡ್ಡಾದರೆ ಟೀವಿಯಲ್ಲಿ ಯಾವುದಾದರೊಂದು ಸಾಂಸಾರಿಕ ಟೆಲಿಫಿಲ್ಮ್ ಬರುತ್ತಿತ್ತು. ಅದನ್ನು ಯಾರಾದರೂ ಮಾಡುತ್ತಾರೆ, ಅದಕ್ಕೊಂದು ಮನೆ ಬೇಕಾಗುತ್ತದೆ, ಆ ಮನೆ ನಮ್ಮದೇ ಆಗಬಹುದು ಎಂದೆಲ್ಲ ನಾವು ಯೋಚಿಸಿದವರೇ ಅಲ್ಲ.

ಆ ವರ್ಷ ಅಪ್ಪನಿಗೆ ಹೃದಯಾಘಾತವಾಗಿತ್ತು. ಡಾಕ್ಟರು, "ಎಲ್ಲ ಸರಿಹೋಗಿದೆ, ವಾಕಿಂಗ್ ಮಾಡಿ, ಆರಾಮಾಗಿರಿ" ಎಂದು ಮನೆಗೆ ಕಳಿಸಿದ್ದರು. ಅಪ್ಪ ಡಾಕ್ಟರ ಮಾತೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನಂಬಿದರು. ನೋವು ಬಂದದ್ದು ಮಂಚದ ಮೇಲೆ ಮಲಗಿದ್ದಾಗ. ಆದ್ದರಿಂದ ತಪ್ಪೆಲ್ಲ ಮಂಚದ್ದೇ ಎಂದು ತೀರ್ಮಾನಿಸಿಬಿಟ್ಟಂತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಆ ಕೋಣೆಗೇ ಹೋಗಲಿಲ್ಲ. ಹಾಲಿನ ಈಸಿಚೇರಿನಲ್ಲಿ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದರು, ಸಣ್ಣ ಸದ್ದಾದರೂ ಬೆಚ್ಚಿ ಏಳುತ್ತಿದ್ದರು. ಮೈ ಚಾಚಿ ಮಲಗಿದರೆ ಮತ್ತೆ ಏಳುವುದಿಲ್ಲವೇನೋ ಎಂಬ ಭಯ.

ಅದಕ್ಕಿಂತ ದೊಡ್ಡ ನಷ್ಟ ನಗುವಿನದು. ಅಪ್ಪನ ನಗು ನಮ್ಮ ರಸ್ತೆಯಲ್ಲಿ ಪ್ರಸಿದ್ಧ. ಪೇಪರಿನಲ್ಲಿ ಯಾವುದೋ ಜೋಕು ಓದಿ ಅವರು ನಕ್ಕರೆ ಎದುರು ಮನೆಯ ಆಂಟಿ ಗೇಟಿನವರೆಗೆ ಬಂದು, "ಏನಂತೆ?" ಎಂದು ಕೇಳುತ್ತಿದ್ದರು. ಅಪ್ಪ ಜೋಕು ಹೇಳುವಾಗ ಮತ್ತೊಮ್ಮೆ ನಗುತ್ತಿದ್ದುದರಿಂದ ಆಂಟಿಗೆ ಜೋಕು ಎಂದೂ ಪೂರ್ತಿ ಸಿಕ್ಕಿದ್ದಿಲ್ಲ. ಈಗ ಆಂಟಿ ಗೇಟಿನ ಹತ್ತಿರ ಬರುವುದನ್ನೇ ಬಿಟ್ಟಿದ್ದರು.

ಅಂಥ ಹೊತ್ತಿನಲ್ಲಿ ಬಂದವನು ಸತೀಶ. ಅಪ್ಪನ ಹಳೆಯ ಸಹೋದ್ಯೋಗಿಯ ಮಗ. ಗಡ್ಡ ಬಿಟ್ಟು ಡೈರೆಕ್ಟರ್ ಆಗಿದ್ದ. ನಮ್ಮ ರೆಡ್ ಆಕ್ಸೈಡ್ ನೆಲ, ಜಾಲರಿಯ ವೆರಾಂಡ, ಅಂಗಳದ ಸಂಪಿಗೆ ಮರ ನೋಡಿ, "ಅಂಕಲ್, ನಮ್ಮ ಟೆಲಿಫಿಲ್ಮಿಗೆ ಇದೇ ಮನೆ" ಎಂದುಬಿಟ್ಟ. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮನೇ ಒಪ್ಪಿಕೊಂಡಳು. "ಮನೇಲಿ ನಾಲ್ಕು ಜನ ಓಡಾಡ್ಕೊಂಡಿದ್ರೆ ನಿಮಗೂ ಹೊತ್ತು ಹೋಗತ್ತೆ ರೀ" ಎಂದಳು. ಸಿಗರೇಟು ಸೇದಕೂಡದು, ಚಪ್ಪಲಿ ಹಾಕಿಕೊಂಡು ಅಡಿಗೆಮನೆಗೆ ಬರಕೂಡದು ಎಂಬ ಷರತ್ತುಗಳೆಲ್ಲ ಆದಮೇಲೆ, "ಕತೆ ಎಂಥದಪ್ಪ?" ಎಂದು ಕೇಳಿದಳು.

"ಪಕ್ಕಾ ಫ್ಯಾಮಿಲಿ ಸ್ಟೋರಿ ಆಂಟಿ. ಮಕ್ಕಳು ಮರಿ ಎಲ್ಲಾ ಒಟ್ಟಿಗೆ ಕೂತ್ಕೊಂಡು ನೋಡ್ಬಹುದು."

ಮಕ್ಕಳು ಮರಿ ಕೂತು ನೋಡುವ ಕತೆಯಲ್ಲಿ ಯಾರೂ ಸಾಯುವುದಿಲ್ಲ ಎಂದು ಅಮ್ಮ ತನ್ನಷ್ಟಕ್ಕೆ ತಿಳಿದುಕೊಂಡಳು.

ಅವರು ಬಂದ ಬೆಳಿಗ್ಗೆಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ವ್ಯಾನಿನಿಂದ ಪೆಟ್ಟಿಗೆಗಳು, ದೀಪಗಳು, ಹಗ್ಗದಷ್ಟು ದಪ್ಪದ ವೈರುಗಳು ಇಳಿದವು. ಯಾರೋ ಇಬ್ಬರು ಹಾಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದರು. ಇನ್ನೊಬ್ಬರು ದೀಪವೊಂದಕ್ಕೆ ನೀಲಿ ಹಾಳೆ ಅಂಟಿಸಿದರು. ಅಷ್ಟೇ, ನಮ್ಮ ಹಾಲಿನಲ್ಲಿ ಬೆಳದಿಂಗಳು ಬಿದ್ದಿತ್ತು. ಅಡಿಗೆಮನೆಯಿಂದ ಬಂದ ಅಮ್ಮ ಕತ್ತಲಾಯಿತೆಂದು ದೇವರ ದೀಪ ಹಚ್ಚಲು ಹೊರಟೇಬಿಟ್ಟಳು. ಹೊರಗೆ ಸೊಪ್ಪಿನವಳು ಇನ್ನೂ ಮೊದಲ ಸುತ್ತು ಮುಗಿಸಿರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂತ ಸೌಂಡಿನವರೊಬ್ಬರು ಕೈ ಎತ್ತಿ, "ತಡೀರಿ, ಯಾರ ಮನೇಲೋ ಕುಕ್ಕರ್ ಇಟ್ಟಿದಾರೆ, ಇನ್ನೂ ವಿಷಲ್ ಬಾಕಿ ಇದೆ" ಎನ್ನುತ್ತಿದ್ದರು. ಅಷ್ಟು ಜನ ಉಸಿರು ಬಿಗಿಹಿಡಿದು ಯಾರದೋ ಮನೆಯ ಬೇಳೆ ಬೇಯುವುದನ್ನು ಕಾಯುತ್ತಿದ್ದರು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ನನ್ನನ್ನು ಹೆಚ್ಚು ಬೆರಗುಗೊಳಿಸಿದವರು ನಟರು. ಬೆಳಿಗ್ಗೆ "ನಮಸ್ಕಾರ, ತಮ್ಮ ಹೆಸರು?" ಎಂದುಕೊಂಡವರು ಮಧ್ಯಾಹ್ನದ ಹೊತ್ತಿಗೆ ಅಪ್ಪ, ಅಮ್ಮ, ಅಣ್ಣ, ತಂಗಿ ಆಗಿದ್ದರು. ಕ್ಯಾಮೆರಾ ನಿಂತ ಮೇಲೂ ‘ಮಗ’ ‘ಅಮ್ಮ’ನ ತಟ್ಟೆಯಿಂದ ಹಪ್ಪಳ ಎತ್ತಿಕೊಳ್ಳುತ್ತಿದ್ದ, ಆಕೆ ಅವನ ಕೈ ಮೇಲೆ ಪಟ್ಟೆಂದು ಹೊಡೆಯುತ್ತಿದ್ದರು. ವರ್ಷಗಟ್ಟಲೆ ಜೊತೆಗಿದ್ದ ನಮ್ಮ ಬಂಧುಗಳಲ್ಲೇ ನಾನು ಅಂಥ ಸಲಿಗೆ ನೋಡಿರಲಿಲ್ಲ. ನಾನಾಗ ಬಿ.ಕಾಂ. ಓದುತ್ತಿದ್ದೆ. ಕಾಲೇಜಿಗೆ ಚಕ್ಕರ್ ಹೊಡೆದು, ಯುಗಾದಿಗೆ ಹೊಲಿಸಿದ್ದ ಚೂಡಿದಾರ ಹಾಕಿಕೊಂಡು, ಮುಖಕ್ಕೆ ಗೋಡೆಗೆ ಸುಣ್ಣ ಬಳಿದ ಹಾಗೆ ಪೌಡರ್ ಹಚ್ಚಿಕೊಂಡು ಕ್ಯಾಮೆರಾದ ಎದುರು ಅಕಸ್ಮಾತ್ ಎಂಬಂತೆ ಸುಳಿದಾಡಿದೆ. ಫಲ ಸಿಗದೆ ಇರಲಿಲ್ಲ. ಮದುವೆಯ ದೃಶ್ಯವೊಂದರಲ್ಲಿ ನನ್ನ ಜಡೆ ನಟಿಸಿದೆ.

ಸತೀಶನ ಸಹಾಯಕ ಬಸವರಾಜ ಧಾರವಾಡದ ಕಡೆಯವನು. ಬಿ.ಟಿ.ಎಂ. ಲೇಔಟಿನಲ್ಲಿ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ. ಕ್ಲಾಪ್ ಹೊಡೆಯುವುದು, ನಟರ ಪಂಚೆಯ ಮಡಿಕೆ ಹಿಂದಿನ ಶಾಟಿನಲ್ಲಿ ಹೇಗಿತ್ತೆಂದು ತನ್ನ ಪುಟ್ಟ ಕ್ಯಾಮೆರಾದಲ್ಲಿ ಫೋಟೋ ಹಿಡಿದಿಡುವುದು, ಎಲ್ಲ ಅವನೇ. ಮೊದಲ ದಿನ ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ದೃಶ್ಯ ತೆಗೆದರು. ಅದಾದ ಮೇಲೆ ಅದೇ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಅಮ್ಮನಿಗೆ ಸಹಿಸಲಾಗಲಿಲ್ಲ.

"ಮಗು ಆದ್ಮೇಲೆ ಹೆಣ್ಣು ನೋಡೋದೇನಪ್ಪಾ?"

"ನಾವು ಆರ್ಡರ್ ಪ್ರಕಾರ ತಗ್ಯಾಂಗಿಲ್ರೀ ಅಮ್ಮಾರ" ಎಂದು ಬಸವರಾಜ ಸಮಾಧಾನ ಹೇಳಿದ. "ಲೈಟು, ಜಾಗ ನೋಡ್ಕೊಂಡು ಯಾವ್ದು ಅನುಕೂಲೋ ಅದನ್ನ ಮದ್ಲ ತಗೀತೀವ್ರಿ. ಆಮ್ಯಾಲೆ ಜೋಡಸ್ತೀವಿ."

ಮರುದಿನ ಬೆಳಿಗ್ಗೆ ಅವನೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

"ಅಮ್ಮಾರ, ಸ್ವಲ್ಪ ಅರಳಿ ಐತೇನ್ರಿ?"

"ಅರಳಿ ನಮ್ಮನೇಲಿ ಎಲ್ಲಪ್ಪ, ದೇವಸ್ಥಾನದ ಪಕ್ಕ ಕಟ್ಟೆ ಇದೆಯಲ್ಲ, ಅಲ್ಲಿದೆ. ಎಲೆ ಬೇಕಾ, ಕಡ್ಡಿ ಬೇಕಾ?"

"ಎಲಿ ಅಲ್ರೀ. ಅರಳಿ ಅಂದ್ರ... ನೀವು ದೀಪಕ್ಕ ಬತ್ತಿ ಹೊಸೀತೀರಲ್ರೀ, ಅದು."

"ಹತ್ತಿ ಅನ್ನು! ಯಾಕೆ, ಯಾರಿಗೆ ಗಾಯ ಆಯ್ತು?"

"ಗಾಯ ಇಲ್ರೀ. ಮೂಗಿನ್ಯಾಗ ಇಡಾಕ್ರಿ."

"ನೆಗಡಿಗೆ ಯಾರಾದ್ರೂ ಹತ್ತಿ ಇಡ್ತಾರಾ?"

"ನೆಗಡಿ ಅಲ್ರೀ ಅಮ್ಮಾರ. ನಂಜುಂಡಯ್ಯನವ್ರು ಇವತ್ತ ಸಾಯ್ತಾರ್ರೀ."

ಹತ್ತಿಯ ಡಬ್ಬಿಯ ಮುಚ್ಚಳ ಅಮ್ಮನ ಕೈಯಿಂದ ಕೆಳಗೆ ಬಿತ್ತು. ಅವಳು ನೇರವಾಗಿ ಹಾಲಿಗೆ ಹೋಗಿ ಸತೀಶನ ಎದುರು ನಿಂತಳು. "ನೋಡಪ್ಪಾ, ಈ ಮನೇಲಿ ಯಾರೂ ಸಾಯೋ ಹಾಗಿಲ್ಲ."

"ಸುಮ್ನೆ ಮಲ್ಕೋತಾರೆ ಅಷ್ಟೆ ಆಂಟಿ."

"ಎಲ್ಲಿ ಮಲ್ಕೋತಾರೆ?"

ಸತೀಶ ಏನೂ ಅರಿಯದೆ ಅಪ್ಪನ ಕೋಣೆಯತ್ತ ಕೈ ತೋರಿಸಿದ. ದೀಪಗಳೆಲ್ಲ ಆಗಲೇ ಆ ಮಂಚದತ್ತ ಮುಖ ಮಾಡಿ ನಿಂತಿದ್ದವು. ಅಮ್ಮನ ಮುಖ ಬಿಳಿಚಿತು. ಇಷ್ಟು ದಿನ ನಾವಿಬ್ಬರೂ ಬಾಯಿಬಿಟ್ಟು ಆಡದೆ ಬಚ್ಚಿಟ್ಟಿದ್ದ ಮಾತನ್ನು ಹೀಗೆ ದೀಪ ಹಾಕಿ, ಕ್ಯಾಮೆರಾ ಇಟ್ಟು ತೋರಿಸುವುದೆಂದರೇನು? ಅಮ್ಮ ಇನ್ನೇನು ಎಲ್ಲರನ್ನೂ ಗೇಟಿನಿಂದಾಚೆ ಕಳಿಸುವವಳಿದ್ದಳು. ಅಷ್ಟರಲ್ಲಿ ಈಸಿಚೇರಿನಿಂದ ಅಪ್ಪನ ದನಿ ಕೇಳಿತು.

"ಮಲಗ್ಲಿ ಬಿಡೆ. ಖಾಲಿ ತಾನೇ ಬಿದ್ದಿದೆ."

ಅಮ್ಮ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಂಜುಂಡಯ್ಯನವರು ಅಪ್ಪನದೇ ವಯಸ್ಸಿನವರು. ಗೊಟ್ಟಿಗೆರೆಯಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ಕೈಯಲ್ಲೊಂದು ವೈರಿನ ಬುಟ್ಟಿ, ಅದರಲ್ಲಿ ಮನೆಯಿಂದ ತಂದ ಮಜ್ಜಿಗೆ. ಬಸ್‌ಸ್ಟಾಪಿನಲ್ಲಿ ನೋಡಿದರೆ ಎರಡನೇ ಸಲ ತಿರುಗಿ ನೋಡುವಂಥ ಆಳಲ್ಲ. ಅವರು ಬಂದು, ಮಂಚಕ್ಕೆ ಕೈಮುಗಿದು, ಮಲಗಿದರು. ಎರಡು ಸಲ ಜೋರಾಗಿ ಉಸಿರೆಳೆದುಕೊಂಡರು. "ನೀರು" ಎಂದರು. ಆಮೇಲೆ ಅವರ ಕೈ ಮಂಚದ ಅಂಚಿನಿಂದ ಜಾರಿತು.

ನಾನು ಆ ಕೋಣೆಯಲ್ಲಿದ್ದೆ. ಇದು ನಾಟಕವೆಂದು ನನಗೆ ಗೊತ್ತಿತ್ತು. ಆದರೂ ಆ ಕೈ ಜಾರಿದೊಡನೆ ಉಸಿರಿದೆಯೇ ಎಂದು ನೋಡಿದೆ. ಅವರ ಎದೆ ಏರಲಿಲ್ಲ, ಇಳಿಯಲಿಲ್ಲ. ಒಂದು ನೊಣ ಬಂದು ತುಟಿಯ ಮೇಲೆ ಕೂತಿತು, ಮೂಗಿನವರೆಗೆ ನಡೆಯಿತು, ಕೈಕಾಲು ತಿಕ್ಕಿಕೊಂಡಿತು, ಹಾರಿಹೋಯಿತು. ತುಟಿ ಅಲುಗಲಿಲ್ಲ. ಒಬ್ಬ ಮನುಷ್ಯ ತನ್ನೊಳಗಿನಿಂದ ತಾನೇ ಎದ್ದು ಹೊರಗೆ ಹೋಗಿ ಕಾಯುತ್ತ ನಿಂತಂತಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಅಪ್ಪ. ಈ ಕೋಣೆಯ ಹೊಸ್ತಿಲ ಹತ್ತಿರವೂ ಸುಳಿಯದಿದ್ದ ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಸೊಪ್ಪೂ... ಮೆಂತ್ಯ ದಂಟೂ..." ಎಂದು ಹೊರಗೆ ಕೂಗು ಕೇಳಿತು. "ಕಟ್! ಸಾರ್, ಸಾರಿ, ಇನ್ನೊಂದ್ಸಲ ಹೋಗ್ಬಿಡಿ" ಎಂದ ಸತೀಶ. ಹೆಣ ಎದ್ದು ಕೂತು, "ಆಗ್ಲಿ, ಒಂದು ಗುಟುಕು ಮಜ್ಜಿಗೆ ಕೊಡಿ" ಎಂದಿತು. ಇನ್ನೊಮ್ಮೆ ಸತ್ತರು. ಆಗ ‘ಹೆಂಡತಿ’ ಅಳುತ್ತ ಬಿದ್ದ ರಭಸಕ್ಕೆ ಮಂಚ ಕಿರ್ ಎಂದಿತು. ಮತ್ತೆ ಸತ್ತರು. ದೀಪ ಸರಿಪಡಿಸುತ್ತಿದ್ದಾಗ ಅಪ್ಪ ಮೆಲ್ಲಗೆ ಒಳಗೆ ಬಂದರು.

"ಭಯ ಆಗಲ್ವಾ ಸಾರ್?"

"ಮೊದಮೊದಲು ಆಗ್ತಿತ್ತು" ಎಂದರು ನಂಜುಂಡಯ್ಯನವರು. "ನನ್ನ ಮುಖ ನೋಡಿದ್ರೇನೇ ಡೈರೆಕ್ಟರ್‌ಗಳಿಗೆ ಸಾಯಿಸ್ಬೇಕು ಅನ್ಸತ್ತೋ ಏನೋ, ಬರೀ ಇಂಥ ಪಾತ್ರಾನೇ ಬರತ್ತೆ. ಎಷ್ಟು ಸಲ ಸತ್ತಿದೀನೋ! ಆದ್ರೆ ಪ್ರತಿ ಸಲಾನೂ ಊಟದ ಹೊತ್ತಿಗೆ ಎದ್ದಿದೀನಿ ಸಾರ್."

ಅಪ್ಪ ಅವರನ್ನೇ ನೋಡಿದರು. ಆಮೇಲೆ ಬಸವರಾಜ ಹತ್ತಿ ಇಡಲು ಬಂದಾಗ, "ಹೆಣಾನ ಮಂಚದ ಮೇಲೆ ಇಡಲ್ಲಪ್ಪ, ಕೆಳಗೆ ಮಲಗಿಸ್ತಾರೆ" ಎಂದು ತಿದ್ದಿದರು. "ನಮ್ಮ ಕ್ಯಾಮೆರಾ ಅಷ್ಟು ಕೆಳಗೆ ಹೋಗಲ್ಲ ಅಂಕಲ್" ಎಂದ ಸತೀಶ. ಅಪ್ಪ ಒಂದು ವಿಷಯಕ್ಕೆ ಹಾಗೆ ತಲೆ ಹಾಕಿ ಎಷ್ಟೋ ತಿಂಗಳಾಗಿತ್ತು.

ಕೊನೆಗೊಮ್ಮೆ ಸತೀಶ, "ಕಟ್, ಓಕೆ" ಎಂದ. ಆದರೆ ದೀಪ ಆರಲಿಲ್ಲ, ಕ್ಯಾಮೆರಾ ನಿಲ್ಲಲಿಲ್ಲ. ಯಾರೂ ಕದಲಲಿಲ್ಲ. "ಯಾಕೆ?" ಎಂದು ಪಿಸುಗುಟ್ಟಿದೆ. ಬಸವರಾಜ ಹೇಳಿದ. ಸತ್ತ ಪಾತ್ರ ಮಾಡಿದವರು ಹಾಗೇ ಎದ್ದು ಹೋಗುವಂತಿಲ್ಲ, ಕ್ಯಾಮೆರಾ ಓಡುತ್ತಿರುವಾಗಲೇ ಒಮ್ಮೆ ನಗಬೇಕು. ಇಲ್ಲದಿದ್ದರೆ ಸಾವು ಅವರ ಮೇಲೂ ಮನೆಯ ಮೇಲೂ ಉಳಿದುಬಿಡುತ್ತದಂತೆ. ಆ ನಗುವನ್ನು ಯಾರಿಗೂ ತೋರಿಸುವುದಿಲ್ಲ, ಕತ್ತರಿಸಿ ಬಿಸಾಕುತ್ತಾರೆ. ಆದರೆ ತೆಗೆಯದೆ ಬಿಡುವುದಿಲ್ಲ.

"ಸಾರ್, ನಗಿ" ಎಂದ ಸತೀಶ, ಪೂಜಾರಿಯ ಗಾಂಭೀರ್ಯದಿಂದ.

ನಂಜುಂಡಯ್ಯನವರು ಕಣ್ಣು ಬಿಟ್ಟು ನಗಲು ಹೋದರು. ಮೂಗಿನಲ್ಲಿ ಹತ್ತಿ. ನಗು ಬಾಯಿಂದ ಬರುವ ಬದಲು ದಾರಿ ತಪ್ಪಿ ಮೂಗಿಗೆ ನುಗ್ಗಿತು. ಒಂದು ಕಡೆಯ ಹತ್ತಿಯುಂಡೆ ಠುಸ್ಸೆಂದು ಹಾರಿ ಸತೀಶನ ಗಡ್ಡದಲ್ಲಿ ಸಿಕ್ಕಿಕೊಂಡಿತು. ಸತೀಶನಿಗೆ ಅದು ಗೊತ್ತೇ ಆಗಲಿಲ್ಲ. ಗಡ್ಡದಲ್ಲಿ ಹತ್ತಿ ಇಟ್ಟುಕೊಂಡೇ, "ವೆರಿ ಗುಡ್ ಸಾರ್, ತುಂಬಾ ನ್ಯಾಚುರಲ್ ಆಗಿತ್ತು" ಎಂದ.

ಆಗ ಅಪ್ಪ ನಕ್ಕರು. ಮೊದಲು ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು, ಆಮೇಲೆ ಕಟ್ಟೆ ಒಡೆಯಿತು. ಹಳೆಯ ನಗು, ಪೂರ್ತಿ ನಗು. ನಂಜುಂಡಯ್ಯನವರು, "ಬನ್ನಿ ಸಾರ್ ಇಲ್ಲಿ, ಮಂಚ ನಿಮ್ದು, ನನ್ನೊಬ್ಬನ ನಗು ಸಾಲಲ್ಲ" ಎಂದು ಅಪ್ಪನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡು ಹೆಗಲ ಮೇಲೆ ಕೈ ಹಾಕಿದರು. ಬಸವರಾಜನ ಪುಟ್ಟ ಕ್ಯಾಮೆರಾ ಕ್ಲಿಕ್ ಎಂದಿತು. ಏನಾಯಿತೋ ಎಂದು ಗಾಬರಿಯಾಗಿ ಓಡಿಬಂದ ಅಮ್ಮ ಕಂಡದ್ದು ಇದನ್ನು: ಮೂಗಿನ ಒಂದೇ ಹೊಳ್ಳೆಯಲ್ಲಿ ಹತ್ತಿ ಇಟ್ಟುಕೊಂಡ ಹೆಣ, ಅದರ ಪಕ್ಕದಲ್ಲಿ ತೊಡೆ ತಟ್ಟಿಕೊಂಡು ನಗುತ್ತಿರುವ ಗಂಡ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಗೇಟಿನ ಹತ್ತಿರದಿಂದ ದನಿಯೊಂದು ಕೇಳಿತು.

"ಏನಂತೆ?"

ಇಷ್ಟಕ್ಕೇ ಮುಗಿದಿದ್ದರೆ ನಾನು ಅವರನ್ನೆಲ್ಲ ಇಷ್ಟು ವರ್ಷ ನೆನೆಯುತ್ತಿದ್ದೆನೋ ಇಲ್ಲವೋ. ಎಲ್ಲರೂ ಊಟಕ್ಕೆ ಕೂತಾಗ ಅಪ್ಪ, "ನಕ್ಕು ನಕ್ಕು ಬೆನ್ನು ನೋವು ಬಂತು" ಎನ್ನುತ್ತ ಆ ಮಂಚದ ಮೇಲೆ ಅಡ್ಡಾದರು. ಹಾಗೇ ನಿದ್ದೆ ಹೋದರು. ಊಟ ಮುಗಿಸಿ ಬಂದವರು ಹಾಲಿನಲ್ಲಿ ದೀಪ ಸರಿಮಾಡಿಕೊಂಡು ಶುರುಮಾಡಿದರೆ ಸೌಂಡಿನವರು ಕೈ ಎತ್ತಿದರು. "ಗೊರಕೆ ಬರ್ತಿದೆ ಸಾರ್."

ಎಲ್ಲರೂ ಅಮ್ಮನ ಕಡೆ ನೋಡಿದರು. ಅಮ್ಮ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. "ಎಬ್ಬಿಸ್ಬೇಡಿಪ್ಪ" ಎಂದಳು. "ಆಸ್ಪತ್ರೆಯಿಂದ ಬಂದಾಗಿನಿಂದ ಅವರು ಮಂಚದ ಮೇಲೆ ಮಲಗಿರ್ಲಿಲ್ಲ." ಅವಳು ಆ ಮಾತನ್ನು ಹೊರಗಿನವರ ಎದುರು ಆಡಿದ್ದು ಅದೇ ಮೊದಲು.

ಅವರಿಗೆ ಒಂದೊಂದು ಗಂಟೆಯೂ ಎಷ್ಟು ಮುಖ್ಯವೆಂದು ಎರಡೇ ದಿನದಲ್ಲಿ ನನಗೆ ತಿಳಿದಿತ್ತು. ಸತೀಶ ಹೊರಗಿನ ಬಿಸಿಲು ನೋಡಿದ, ಗಡ್ಡ ಕೆರೆದುಕೊಂಡ. ಆಮೇಲೆ ದೀಪಗಳನ್ನು ಆರಿಸಲು ಸನ್ನೆ ಮಾಡಿದ. ಸ್ವಿಚ್ಚಿನ ಸದ್ದೂ ಆಗದಂತೆ ಒಂದೊಂದಾಗಿ ಆರಿಸಿದರು. ಆ ಇಡೀ ತಂಡ, ನಟರು, ಮೇಕಪ್‌ನವರು, ದೀಪ ಹೊತ್ತವರು, ವ್ಯಾನಿನ ಡ್ರೈವರು ಎಲ್ಲ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ವೆರಾಂಡಕ್ಕೆ ಹೋಗಿ ಕೂತರು. ಅಪ್ಪ ತಾವಾಗಿ ಎದ್ದು ಬರುವವರೆಗೆ ಒಬ್ಬರೂ ಕೆಮ್ಮಲಿಲ್ಲ. ಸೌಂಡಿನವರು ಹೆಡ್‌ಫೋನ್ ತೆಗೆಯದೆ ಅಪ್ಪನ ಗೊರಕೆ ಕೇಳುತ್ತ ಕಣ್ಣು ಮುಚ್ಚಿ ಕೂತಿದ್ದರು. ಗೊರಕೆ ನಿಂತಂತಾದರೆ ಕಣ್ಣು ಬಿಡುತ್ತಿದ್ದರು, ಮತ್ತೆ ಶುರುವಾದರೆ ಅಮ್ಮನಿಗೆ ಹೆಬ್ಬೆರಳು ತೋರಿಸುತ್ತಿದ್ದರು. ನನಗೆ ಅವರೆಲ್ಲರ ಕಾಲಿಗೆ ಬೀಳಬೇಕೆನಿಸಿತು. ಈಗಲೂ ಅನಿಸುತ್ತದೆ.

ಕೊನೆಯ ದಿನ ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆದರು. ‘ಅಣ್ಣ’ ‘ತಂಗಿ’ ಬೇರೆ ಬೇರೆ ಬಸ್ಸು ಹತ್ತಿದರು. ಅಷ್ಟು ಗಟ್ಟಿಯಾಗಿದ್ದ ಸಂಸಾರ ವ್ಯಾನಿನ ಹಿಂದೆ ಕರಗಿಹೋಯಿತು. ಅಮ್ಮ ಎಷ್ಟೋ ದಿನ ಕಾಫಿಗೆ ಹೆಚ್ಚು ನೀರಿಡುತ್ತಿದ್ದಳು.

ಟೆಲಿಫಿಲ್ಮ್ ಟೀವಿಯಲ್ಲಿ ಬಂದ ಭಾನುವಾರ ನಮ್ಮ ಹಾಲ್ ಅಕ್ಕಪಕ್ಕದವರಿಂದ ತುಂಬಿತ್ತು. ಪರದೆಯ ಮೇಲೆ ನಮ್ಮ ಅಡಿಗೆಮನೆಯ ಬಾಗಿಲು ತೆರೆದರೆ ಯಾರದೋ ಬೇರೆ ಮನೆಯ ಹಿತ್ತಿಲು ಕಾಣಿಸಿತು. "ಇದು ಮೋಸ" ಎಂದಳು ಅಮ್ಮ. ಸಾವಿನ ದೃಶ್ಯ ಬಂದಾಗ ಎಲ್ಲರೂ ಕಣ್ಣೊರೆಸಿಕೊಂಡರು. ಅಪ್ಪನೊಬ್ಬರು ಕತ್ತರಿಸಿ ಬಿಸಾಡಿದ ಆ ನಗುವಿಗಾಗಿ ಕಾಯುತ್ತ, ಸತೀಶನ ಗಡ್ಡ ನೆನೆದು ಭುಜ ಕುಣಿಸುತ್ತಿದ್ದರು. ಅಪ್ಪ ಅಳುತ್ತಿದ್ದಾರೆಂದು ತಿಳಿದು ಎದುರು ಮನೆಯ ಆಂಟಿ ನೀರು ತಂದುಕೊಟ್ಟರು. ಕೊನೆಯಲ್ಲಿ ಹೆಸರುಗಳು ಸರಸರ ಮೇಲೇರತೊಡಗಿದಾಗ ಅಪ್ಪ ಮುಂದಕ್ಕೆ ಬಾಗಿ ಸಿಕ್ಕಷ್ಟನ್ನು ಜೋರಾಗಿ ಓದಿದರು. ಮುಗಿದ ಮೇಲೆ, "ಅಬ್ಬಾ, ಒಬ್ಬನ್ನ ಸಾಯ್ಸೋಕೆ ಎಷ್ಟು ಜನ ಬೇಕು ನೋಡೆ! ನಾನು ಒಬ್ಬನೇ ಹೊರಟಿದ್ನಲ್ಲ" ಎಂದರು.

ಅಪ್ಪ ಆಮೇಲೂ ಬಹಳ ವರ್ಷ ಇದ್ದರು. ಮಂಚದ ಮೇಲೆ ಮಲಗಿದರು, ಗೊರಕೆ ಹೊಡೆದರು, ಪೇಪರು ಓದಿ ನಕ್ಕರು, ನಕ್ಕು ಊಟದ ಹೊತ್ತಿಗೆ ಏಳುವ ಹೆಣದ ಕತೆಯನ್ನು ಅಮ್ಮನಿಗೆ ಮತ್ತೆ ಮತ್ತೆ ಹೇಳಿದರು. ಎರಡು ಸಾವಿರ ಇಸವಿ ದಾಟಿ, ನನ್ನ ಮದುವೆಯಾಗಿ, ನನ್ನ ಮಗಳಿಗೂ ಆ ನಗು ಗುರುತಾದ ಮೇಲೆ ಒಂದು ಬೆಳಿಗ್ಗೆ ಅದೇ ಮಂಚದ ಮೇಲೆ ಹೋದರು. ಕೆಳಗಿಳಿಸಿ ಮಲಗಿಸಿದ್ದರು. ಯಾರೋ ಹತ್ತಿ ಕೇಳಿದರು. ಡಬ್ಬಿ ತಂದುಕೊಟ್ಟ ಅಮ್ಮ ಅಪ್ಪನ ಮುಖವನ್ನೇ ನೋಡುತ್ತ ಕೂತಳು. ಹಾಗೆಯೇ ಬಹಳ ಹೊತ್ತಾದ ಮೇಲೆ ನನ್ನ ಕಿವಿಯ ಹತ್ತಿರ, "ಕಟ್ ಅಂತ ಯಾರೂ ಅನ್ನಲ್ವಲ್ಲೇ" ಎಂದಳು.

ಹಾರ ಹಾಕಲು ಫೋಟೋ ಹುಡುಕಿದಾಗ ಅಪ್ಪನ ನಗು ಇದ್ದದ್ದು ಬಸವರಾಜ ತಂದುಕೊಟ್ಟಿದ್ದ ಆ ಒಂದರಲ್ಲೇ. ಸ್ಟುಡಿಯೋದವನು ನಂಜುಂಡಯ್ಯನವರನ್ನು ಕತ್ತರಿಸಿ ತೆಗೆದ. "ಈ ಕೈನೂ ಕಂಪ್ಯೂಟರ್‌ನಲ್ಲಿ ಅಳಿಸ್ಬಿಡ್ತೀನಿ ಮೇಡಂ" ಎಂದ. ಅಮ್ಮ, "ಬೇಡ, ಹಿಡ್ಕೊಂಡಿರ್ಲಿ" ಎಂದಳು.

ವೈಕುಂಠ ಸಮಾರಾಧನೆಯ ದಿನ ನಂಜುಂಡಯ್ಯನವರು ಬಂದರು. ಬಸವರಾಜನಿಂದ ಸುದ್ದಿ ತಿಳಿದಿತ್ತಂತೆ. ಬೆನ್ನು ಬಾಗಿತ್ತು, ಕೈಯಲ್ಲಿ ಅದೇ ಥರದ ವೈರಿನ ಬುಟ್ಟಿ. ಫೋಟೋದ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು. "ಇದು ನನ್ ಕೈ ಅಲ್ವೇನಮ್ಮಾ?" ಎಂದರು.

ಅಮ್ಮ ತಲೆಯಾಡಿಸಿದಳು. ಅಷ್ಟು ದಿನ ನೆಂಟರ ಎದುರು ಗಟ್ಟಿಯಾಗಿದ್ದವಳು ಆಗ ಅತ್ತುಬಿಟ್ಟಳು. "ನೀವು ಪ್ರತಿ ಸಲಾನೂ ನಕ್ಕು ಎದ್ದಿರಿ ಸಾರ್. ಅವರು ನಗದೇ ಹೊರಟುಹೋದ್ರು."

ನಂಜುಂಡಯ್ಯನವರು ಕೈ ಎತ್ತಿ ಫೋಟೋದ ಗಾಜಿನ ಮೇಲೆ, ತಮ್ಮದೇ ಹಳೆಯ ಕೈಯ ಮೇಲೆ ಇಟ್ಟರು.

"ನಗೋ ಶಾಟ್ ಅವರದು ಮೊದಲೇ ಆಗಿದೆಯಲ್ಲಮ್ಮಾ. ನಾವು ಯಾವತ್ತು ಆರ್ಡರ್ ಪ್ರಕಾರ ತೆಗೆದಿದ್ವಿ?"

ಅಮ್ಮ ಫೋಟೋದ ಕಡೆ ತಿರುಗಿದಳು. ಮುಚ್ಚಿದ ಆ ಕಣ್ಣುಗಳನ್ನು, ತೆರೆದ ಆ ಬಾಯನ್ನು ಬಹಳ ಹೊತ್ತು ನೋಡಿದಳು. ಒಳಗೆ ಎಲೆ ಹಾಕಿಯಾಗಿತ್ತು, ಬಡಿಸುವವರು ಕರೆಯುತ್ತಿದ್ದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಫೋಟೋದಿಂದ ಕಣ್ಣು ತೆಗೆಯದೆ ಹೇಳಿದಳು.

"ಏಳಿ, ಊಟದ ಹೊತ್ತಾಯ್ತು."